ಬಲಗಡೆಯ ಸೀಟು

ನನ್ನ ಹೆಂಡತಿಯ ತಮ್ಮ ನನ್ನ ಪಕ್ಕದ ಸೀಟಿನಲ್ಲೇ ಸತ್ತ. ವಿಮಾನ ಇಳಿಸುತ್ತಿದ್ದವನು ನಾನು. ವೇಗವನ್ನು ಯಂತ್ರವೇ ಕಾಯುತ್ತಿದೆ ಎಂದು ನಂಬಿ ಕೂತಿದ್ದೆ. ನಾನೇ ಒತ್ತಿದ್ದ ಒಂದು ಗುಂಡಿಯಿಂದಾಗಿ ಅದು ಆ ಕೆಲಸ ಬಿಟ್ಟುಬಿಟ್ಟಿತ್ತು. ಅವನು ಎಚ್ಚರಿಸಿದ. "ಸುಮ್ನಿರೋ, ಅದು ನೋಡ್ಕೊಳ್ಳುತ್ತೆ" ಎಂದೆ. ವೇಗ ಕುಸಿದು ವಿಮಾನ ನೆಲಕ್ಕೆ ಬಿತ್ತು. ಮಾತು ದಾಖಲಿಸುವ ಪೆಟ್ಟಿಗೆ ಬೆಂಕಿಯಲ್ಲಿ ಸುಟ್ಟುಹೋಯಿತು. ಅವನು ಬಾಯೇ ಬಿಡಲಿಲ್ಲವೆಂದು ವಿಚಾರಣೆಯಲ್ಲಿ ಹೇಳಿದೆ. ನನ್ನ ಹೆಂಡತಿ ಇವತ್ತಿಗೂ ಅದನ್ನೇ ನಂಬಿದ್ದಾಳೆ. ದೇವರಿಗೆ ಕೈಮುಗಿಯುವಾಗಲೂ ನಿಜ ನನ್ನ ಬಾಯಿಗೆ ಬಂದಿಲ್ಲ.

ಈಗ ನೆಲ ಬಿಡದ ಸಿಮ್ಯುಲೇಟರ್‌ನಲ್ಲಿ ಪಾಠ ಹೇಳುತ್ತೇನೆ. ಕಳೆದ ವಾರ, ಬೆಳಗಿನ ಹನ್ನೊಂದು ಗಂಟೆಗೆ, ತರಬೇತಿಗೆ ಬಂದ ಹುಡುಗಿಯೊಬ್ಬಳು ಎಡಗಡೆ ಕೂತಿದ್ದಳು. ನಾನು ಹಿಂದೆ ಇದ್ದೆ. ಬಲಗಡೆಯ ಸೀಟು ಖಾಲಿ. ಅವಳೂ ಅದೇ ಗುಂಡಿ ಒತ್ತಿದಳು. ವೇಗ ಇಳಿಯತೊಡಗಿತು. ಗಮನಿಸುತ್ತಾಳೋ ನೋಡೋಣವೆಂದು ಸುಮ್ಮನಿದ್ದೆ. ಎಸಿಯ ಸದ್ದು ಅಡಗಿದಂತಾಯಿತು. ಖಾಲಿ ಸೀಟಿನ ಬೆಲ್ಟು ಬಿಗಿದುಕೊಂಡಿತ್ತು. ಅಷ್ಟರಲ್ಲಿ ಅವಳು ಎಂಜಿನ್ ಲಿವರ್ ಮುಂದೆ ನೂಕಿ ವಿಮಾನವನ್ನು ಮೇಲೇರಿಸಿದಳು.

"ಭೇಷ್, ನೋಡ್ಕೊಂಡ್ಯಲ್ಲ!"

"ನಾನೆಲ್ಲಿ ನೋಡ್ದೆ ಸರ್? ಹೆಡ್‌ಸೆಟ್‌ನಲ್ಲಿ ಯಾರ ಕೈಲೋ ಹೇಳಿಸಿದ್ರಲ್ಲ, 'ಭಾವಾ, ಸ್ಪೀಡು' ಅಂತ. ನನ್ನನ್ನ ಭಾವ ಮಾಡ್ಬಿಟ್ರಲ್ಲ!" ಎಂದು ನಕ್ಕಳು. "ಪಾಪ, ಮೂರು ಸಲ ಕೂಗಿದ್ರು."

ಅಂದೇ ವಿಚಾರಣಾಧಿಕಾರಿಗೆ ಪತ್ರ ಬರೆಯಲು ಕೂತೆ. ಅವನು ಎಚ್ಚರಿಸಿದ್ದ ಎಂದು ಬರೆದೆ. ಎಷ್ಟು ಸಲ ಎಂಬಲ್ಲಿ ಪೆನ್ನು ನಿಂತಿತು. ಆವತ್ತು ವಿಮಾನದಲ್ಲಿ ನನ್ನ ಕಿವಿಗೆ ಬಿದ್ದದ್ದು ಎರಡೇ ಸಲ.