ಕತ್ತೆಯಿಂದ ಬಿದ್ದ ಮೀರಿಮ್

"ಕತ್ತೆಯಿಂದ ಬಿದ್ದೆ ಅಂತ ಯಾರಿಗಾದ್ರೂ ಹೇಳಿದ್ಯೋ, ನಿನ್ನ ಗ್ರಹಚಾರ ಬಿಡಿಸ್ತೀನಿ!"

ಮೀರಿಮ್ ಕಾಲುವೆಯ ಪಕ್ಕ ಕಲ್ಲುಗಳ ನಡುವೆ ಕೂತಿದ್ದಳು. ಒಂದು ಕೈ ತಲೆಯ ಹಿಂಭಾಗ ಒತ್ತಿ ಹಿಡಿದಿತ್ತು. ಇನ್ನೊಂದು ಕೈಯ ಬೆರಳು, ಜೊತೆಗೆ ಬಂದಿದ್ದ ಸಹಪಾಠಿ ತಿಲೆಕ್‌ನ ಮೂಗಿನ ಮುಂದೆ ಆಡುತ್ತಿತ್ತು. ನೀರಿನ ಕ್ಯಾನು ಉರುಳಿಕೊಂಡು ಕಾಲುವೆಗೆ ಬಿದ್ದಿತ್ತು. ಬೀಳಿಸಿದ ಕತ್ತೆ ಮಾತ್ರ, ಇವರು ಯಾರೋ ತಾನು ಯಾರೋ ಎಂಬಂತೆ, ಒಣಹುಲ್ಲು ಮೇಯುತ್ತಿತ್ತು. ಅದರ ಹೆಸರು ಜನರಲ್. ಯಾರ ಮಾತನ್ನೂ ಕೇಳುವುದಿಲ್ಲ ಎಂದು ಆ ಹೆಸರು.

"ಮೀರಿಮ್, ನೀನು ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ," ಎಂದ ತಿಲೆಕ್. ಅವನ ಮುಖ ಬಿಳುಚಿಕೊಂಡಿತ್ತು. "ಕೂಗಿದೆ, ಕೂಗಿದೆ. ನೀನು ಕಣ್ಣೇ ಬಿಡ್ಲಿಲ್ಲ."

"ಯೋಚನೆ ಮಾಡ್ತಿದ್ದೆ."

"ಕಲ್ಲಿನ ಮೇಲೆ ಮಲ್ಕೊಂಡಾ?"

"ಹೂಂ, ಕಲ್ಲಿನ ಮೇಲೇನೇ. ನಿಂಗೇನು? ಆಣೆ ಇಡು, ಹೇಳಲ್ಲ ಅಂತ."

ತಿಲೆಕ್ ಆಣೆ ಇಡಲಿಲ್ಲ. ಇಡುವುದಿಲ್ಲ ಎಂದೂ ಹೇಳಲಿಲ್ಲ. ಕಾಲುವೆಗೆ ಇಳಿದು ಕ್ಯಾನನ್ನು ಎಳೆದುಕೊಂಡು ಬಂದ.

ಮೀರಿಮ್‌ಳ ಭಯಕ್ಕೆ ಕಾರಣವಿತ್ತು. ಸುಗ್ಗಿಯ ಹಬ್ಬ ಹತ್ತಿರ ಬಂದಿತ್ತು. ಆ ದಿನ ಊರಾಚೆಯ ಬಯಲಿನಲ್ಲಿ ಮಕ್ಕಳ ಕುದುರೆ ರೇಸು. ಚಿಕ್ಕಪ್ಪನ ಬೂದು ಕುದುರೆ ಬೋಜ್ ಈ ಸಲ ಮೀರಿಮ್‌ಳ ಪಾಲಿಗೆ ಬಂದಿತ್ತು. ಬೇಸಿಗೆ ಪೂರ್ತಿ ಬೆಟ್ಟದ ಹುಲ್ಲುಗಾವಲಿನ ಡೇರೆಯಲ್ಲಿದ್ದಾಗ ಅವಳಿಗೆ ಅದರ ಮೇಲೆಯೇ ಊಟ, ಅದರ ಮೇಲೆಯೇ ತೂಕಡಿಕೆ. ಅಂಥವಳು ಕತ್ತೆಯ ಮೇಲಿಂದ ಬಿದ್ದಳು ಎಂದರೆ ಊರಿನವರು ಹಲ್ಲು ಕಿರಿಯುವುದಿಲ್ಲವೇ? ಅದಕ್ಕಿಂತ ಹೆಚ್ಚಾಗಿ, ತಲೆಗೆ ಪೆಟ್ಟಾಗಿದೆ ಎಂದರೆ ಅಮ್ಮ ಕುದುರೆ ಹತ್ತಲು ಬಿಡುತ್ತಾಳೆಯೇ?

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ತಲೆಯ ಹಿಂದೆ ಎದ್ದಿದ್ದ ಬುಗುಟನ್ನು ಉಣ್ಣೆಯ ಟೋಪಿಯಲ್ಲಿ ಮುಚ್ಚಿಕೊಂಡಳು.

ಮಾರನೆಯ ದಿನ ಶಾಲೆಯಲ್ಲಿ ಟೋಪಿ ಸಾಲಲಿಲ್ಲ. ಬೋರ್ಡಿನ ಮೇಲಿನ ಅಂಕಿಗಳು ಸಾಲು ಬಿಟ್ಟು ಅಲ್ಲಿ ಇಲ್ಲಿ ತೇಲುತ್ತಿದ್ದವು. ಕಿಟಕಿಯ ಬಿಸಿಲು ಕಣ್ಣಿಗೆ ಸೂಜಿ ಚುಚ್ಚಿದಂತಿತ್ತು. ಪಕ್ಕದ ನಾಜಿಕ್ "ರಬ್ಬರ್ ಕೊಡೇ" ಎಂದಳು. ಅಷ್ಟಕ್ಕೇ ಮೀರಿಮ್ "ಅರಚ್ಬೇಡ್ವೇ!" ಎಂದು ರೇಗಿದಳು. ನಾಜಿಕ್ ಅರಚಿರಲಿಲ್ಲ, ಪಿಸುಗುಟ್ಟಿದ್ದಳು.

"ಮೀರಿಮ್, ಏನಾಯ್ತಮ್ಮಾ?" ಎಂದರು ಟೀಚರ್. ಅವರ ಹೆಸರು ರಾಖಾತ್. ಮಕ್ಕಳೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ಏನಿಲ್ಲ ಅಕ್ಕಾ. ನಿದ್ದೆ ಸಾಲ್ಲಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಎದ್ದು ನಿಂತ ಸದ್ದು. ಮೀರಿಮ್ ತಿರುಗಿ ನೋಡಿದಳು. ತಿಲೆಕ್! ಬೇಡ ಬೇಡ ಎಂದು ಕಣ್ಣಲ್ಲೇ ಗದರಿದಳು. ಅವನು ಅವಳತ್ತ ನೋಡಲೇ ಇಲ್ಲ.

"ಅಕ್ಕಾ, ಅವಳು ನಿನ್ನೆ ಕತ್ತೆಯಿಂದ ಬಿದ್ಲು."

ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. "ಜನರಲ್ ಗೆದ್ದುಬಿಟ್ಟ!" ಎಂದು ಒಬ್ಬ ಕೂಗಿದ.

"ತಲೆ ಕಲ್ಲಿಗೆ ಹೊಡೀತು," ಎಂದ ತಿಲೆಕ್. ಅವನ ದನಿ ನಡುಗುತ್ತಿತ್ತು. "ಸ್ವಲ್ಪ ಹೊತ್ತು ಅವಳಿಗೆ ಎಚ್ಚರವೇ ಇರ್ಲಿಲ್ಲ."

ನಗು ತಟ್ಟನೆ ನಿಂತಿತು. ಮೀರಿಮ್ ಅವನನ್ನು ಬೈಯಲೆಂದು ಎದ್ದಳು. ಆದರೆ ಬಾಯಿಂದ ಬೈಗುಳ ಬರಲಿಲ್ಲ, ಬೆಳಗಿನ ತಿಂಡಿ ಬಂತು.

ಆಮೇಲೆ ಎಲ್ಲವೂ ಬೇಗಬೇಗ ನಡೆಯಿತು. ಊರಿನ ಡಾಕ್ಟರಮ್ಮ ಗುಲ್ಸಾರಾ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಒಂದೇ ಗೆರೆಯ ಮೇಲೆ ನಡೆಸಿದರು. ಮೀರಿಮ್ ಗೆರೆ ಬಿಟ್ಟು ಬೀರುವಿನತ್ತ ನಡೆದಳು. "ಇವತ್ತೇ ಪಟ್ಟಣಕ್ಕೆ ಕರ್ಕೊಂಡು ಹೋಗಿ," ಎಂದರು ಡಾಕ್ಟರಮ್ಮ. ಅಪ್ಪ ಅಷ್ಟು ನಿಧಾನವಾಗಿ ಕಾರು ಓಡಿಸಿದ್ದನ್ನು ಅವಳು ಹಿಂದೆ ಕಂಡೇ ಇರಲಿಲ್ಲ. ಕುರಿಮಂದೆಯೊಂದು ಅವರನ್ನು ಹಿಂದೆ ಹಾಕಿತು. ಪಟ್ಟಣದ ಆಸ್ಪತ್ರೆಯಲ್ಲಿ ಅವಳನ್ನು ದೊಡ್ಡ ಮೆಷಿನ್ನಿನ ಬಾಯೊಳಗೆ ಮಲಗಿಸಿ ತಲೆಯ ಫೋಟೋ ತೆಗೆದರು. ಒಳಗೆ ರಕ್ತ ಸೋರಿಲ್ಲ, ಮೂಳೆ ಬಿರಿದಿಲ್ಲ ಎಂದು ಹೇಳಿ, ಒಂದು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು.

"ಹಾಗಾದ್ರೆ ನಂಗೇನೂ ಆಗಿಲ್ಲ!" ಎಂದಳು ಮೀರಿಮ್, ಊರಿಗೆ ಬಂದ ಮೇಲೆ.

"ಹಾಗಲ್ಲಮ್ಮಾ," ಎಂದರು ಗುಲ್ಸಾರಾ ಡಾಕ್ಟರಮ್ಮ. "ಕುದುರೆ ಹಾಲಿನ ಚರ್ಮದ ಚೀಲ ನೋಡಿದೀಯಲ್ಲ? ಅದನ್ನ ಜೋರಾಗಿ ಕುಲುಕಿದ್ರೆ ಏನಾಗುತ್ತೆ? ಚೀಲ ಹರಿದಿರಲ್ಲ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಒಳಗಿರೋದು ಮಾತ್ರ ಅಲ್ಲೋಲಕಲ್ಲೋಲ. ನಿನ್ನ ಮಿದುಳೂ ಹಾಗೇ ಕುಲುಕಿದೆ. ಅದು ತಣ್ಣಗಾಗಬೇಕು. ಸದ್ಯಕ್ಕೆ ಫೋನಿಲ್ಲ, ಟೀವಿ ಇಲ್ಲ, ಓದೋದಿಲ್ಲ. ಸರಿಹೋಗ್ತಾ ಬಂದ ಹಾಗೆ ಒಂದೊಂದಾಗಿ ಶುರು ಮಾಡೋಣ. ಕುದುರೆ ಎಲ್ಲಕ್ಕಿಂತ ಕೊನೇಲಿ."

"ರೇಸು?"

"ಮುಂದಿನ ವರ್ಷವೂ ರೇಸು ಇರುತ್ತೆ. ಈಗ ಇನ್ನೊಂದು ಸಲ ಪೆಟ್ಟಾದ್ರೆ ತುಂಬಾ ಅಪಾಯ."

ಮೀರಿಮ್ ಗೋಡೆಯತ್ತ ತಿರುಗಿ ಮಲಗಿದಳು.

ಓದೋದಿಲ್ಲ ಎಂದಾಗ ಮೊದಲು ಅವಳಿಗೆ ಖುಷಿಯೇ ಆಗಿತ್ತು. ಆದರೆ ಪರದೆ ಎಳೆದ ಕೋಣೆಯಲ್ಲಿ ಸುಮ್ಮನೆ ಮಲಗುವುದೆಂದರೆ ಮನೆಪಾಠಕ್ಕಿಂತ ಕಷ್ಟ. ಗೋಡೆಗೆ ಹಾಕಿದ ಕಂಬಳಿಯ ಚಿತ್ತಾರದಲ್ಲಿ ಟಗರಿನ ಕೊಂಬುಗಳಿದ್ದವು. ಅವುಗಳಿಗೆಲ್ಲ ಹೆಸರಿಟ್ಟಳು. ಎಲ್ಲಕ್ಕಿಂತ ಸೊಟ್ಟಗಿದ್ದುದಕ್ಕೆ ತಿಲೆಕ್ ಎಂದು ಹೆಸರಿಟ್ಟಳು.

ಅಜ್ಜಿಗೆ ಡಾಕ್ಟರಮ್ಮನ ಮಾತು ಪೂರ್ತಿ ಒಪ್ಪಿಗೆಯಾಗಿರಲಿಲ್ಲ. ಪೆಟ್ಟಿಗೆ ಮಿದುಳು ಜಾಗ ಬಿಟ್ಟು ಸರಿದಿದೆ ಎಂಬುದು ಅವಳ ನಂಬಿಕೆ. ತನ್ನ ಬಿಳಿ ವಸ್ತ್ರ ತಂದು ಮೀರಿಮ್‌ಳ ತಲೆಗೆ ಸುತ್ತಿ, ಹಣೆಯ ನಡುವೆ, ಕಿವಿಗಳ ಹತ್ತಿರ ಇದ್ದಿಲಿನಿಂದ ಗುರುತು ಹಾಕಿದಳು. ಬಿಚ್ಚಿ, ಮಡಿಸಿ, ಗುರುತಿಗೆ ಗುರುತು ಕೂಡಿಸಿ ನೋಡಿದಳು.

"ನೋಡು, ನಾನು ಹೇಳ್ಲಿಲ್ವಾ! ಮಿದುಳು ಎಡಕ್ಕೆ ಸರಿದಿದೆ."

"ಅಜ್ಜೀ, ಬಲಗಡೆ ಜಡೆ ದಪ್ಪ ಇದೆ. ಅದಕ್ಕೇ ಹಾಗೆ."

"ಮಿದುಳು ಎಡಕ್ಕೆ ಹೋಗಿದ್ದಕ್ಕೇ ಜಡೆ ಬಲಗಡೆ ದಪ್ಪ ಆಗಿರೋದು," ಎಂದಳು ಅಜ್ಜಿ. ಅವಳು ಸೋಲುವವಳಲ್ಲ.

ಅಷ್ಟರಲ್ಲಿ ನೋಡಲು ಬಂದ ಡಾಕ್ಟರಮ್ಮ ಬಾಗಿಲಲ್ಲೇ ನಿಂತರು. "ಅಮ್ಮಾ, ಅಳೆಯೋದಾದ್ರೆ ಬೇಕಾದಷ್ಟು ಅಳೀರಿ. ಆದ್ರೆ ತಲೆ ಬಿಗಿಯೋದು, ತಟ್ಟೋದು, ಅಲ್ಲಾಡಿಸೋದು ಮಾತ್ರ ಬೇಡ."

"ನಾನ್ಯಾಕೆ ಅಲ್ಲಾಡಿಸ್ಲಿ? ಕತ್ತೆ ಅಲ್ಲಾಡಿಸಿದ್ದೇ ಸಾಕು," ಎಂದು ಅಜ್ಜಿ ವಸ್ತ್ರವನ್ನು ಒದ್ದೆ ಮಾಡಿ, ಮೊಮ್ಮಗಳ ಹಣೆಯ ಮೇಲೆ ಮೆಲ್ಲಗೆ ಹರಡಿದಳು. ತಂಪು ಹಿತವಾಗಿತ್ತು. ಮೀರಿಮ್ ನಿದ್ದೆ ಹೋದಳು.

ತಿಲೆಕ್ ದಿನವೂ ಶಾಲೆ ಬಿಟ್ಟ ಮೇಲೆ ಬರುತ್ತಿದ್ದ. ಅವಳು ಕೋಣೆಗೆ ಸೇರಿಸುತ್ತಿರಲಿಲ್ಲ. "ಚಾಡಿಕೋರನಿಗೆ ಹೋಗು ಅಂತ ಹೇಳಜ್ಜೀ," ಎನ್ನುತ್ತಿದ್ದಳು. ಅವನು ಹೋಗುತ್ತಿರಲಿಲ್ಲ. ಬಾಗಿಲ ಹೊರಗೆ ಕೂತು, ಅಜ್ಜಿ ಕೊಟ್ಟ ಒಣಮೊಸರಿನ ಉಂಡೆ ಚೀಪುತ್ತ, ಗಾಳಿಗೆ ಹೇಳಿದಂತೆ ಶಾಲೆಯ ಸುದ್ದಿ ಹೇಳುತ್ತಿದ್ದ.

"ಇವತ್ತು ರಾಖಾತ್ ಅಕ್ಕನ ಕುರ್ಚಿ ಕಾಲು ಮುರೀತು. ಅಕ್ಕ ಬೀಳ್ಲಿಲ್ಲ. ಹೆಡ್‌ಮಾಸ್ಟ್ರು ಹಿಡ್ಕೊಳ್ಳೋಕೆ ಹೋಗಿ ಅವರೇ ಬಿದ್ರು."

ಒಳಗೆ ಮೀರಿಮ್ ದಿಂಬು ಕಚ್ಚಿಕೊಂಡು ನಗು ತಡೆದಳು. ನಕ್ಕರೆ ತಲೆ ನೋಯುತ್ತಿತ್ತು. ನಗದೆ ಇದ್ದರೆ ಹೊಟ್ಟೆ ನೋಯುತ್ತಿತ್ತು.

ಕೆಲವು ದಿನಗಳಲ್ಲಿ ಬೆಳಕು ಚುಚ್ಚುವುದು ಕಡಿಮೆಯಾಯಿತು. ಅಂಗಳದಲ್ಲಿ ನಡೆದಾಡಲು ಡಾಕ್ಟರಮ್ಮ ಒಪ್ಪಿದರು. ಒಂದು ಮಧ್ಯಾಹ್ನ ಅಜ್ಜಿ ಒಲೆಯ ಮುಂದಿದ್ದಾಗ ಮೀರಿಮ್ ಅಂಗಳ ದಾಟಿ, ಬೇಲಿ ದಾಟಿ, ಚಿಕ್ಕಪ್ಪನ ಲಾಯಕ್ಕೆ ಹೋದಳು. ಬೋಜ್ ಮೂಗು ಅರಳಿಸಿ ಅವಳ ಕೊರಳು ಮೂಸಿತು. ಬೆನ್ನ ಮೇಲೆ ಜೀನು ಇತ್ತು.

"ಒಂದೇ ಒಂದು ಸುತ್ತು. ನಡೆಸ್ಕೊಂಡು ಹೋಗೋದು, ಅಷ್ಟೇ," ಎಂದಳು ಅದರ ಕಿವಿಯಲ್ಲಿ.

ಜೀನಿನಿಂದ ತೂಗುತ್ತಿದ್ದ ರಿಕಾಪಿಗೆ ಕಾಲು ಕೊಟ್ಟು ಮೈ ಎತ್ತಿದಳು. ಲಾಯದ ಗೋಡೆ ಮೆಲ್ಲಗೆ ವಾಲಿತು. ಬೋಜ್‌ಗೆ ಎರಡು ತಲೆ ಬಂದವು. ಎರಡೂ ಅವಳನ್ನೇ ನೋಡುತ್ತಿದ್ದವು. ಯಾವುದರ ಲಗಾಮು ಹಿಡಿಯಬೇಕೆಂದು ಅವಳಿಗೆ ತಿಳಿಯಲಿಲ್ಲ. ಕಾಲು ಕೆಳಗಿಳಿಸಿ, ಜೀನಿನ ಅಂಚು ಹಿಡಿದುಕೊಂಡೇ ಹುಲ್ಲಿನ ಮೇಲೆ ಕುಸಿದು ಕೂತಳು. ಬೋಜ್ ಓಡುವಾಗ ಹೀಗಾಗಿದ್ದರೆ? ಬೇರೆ ಕುದುರೆಗಳು ಹಿಂದೆಯೇ ಬರುತ್ತಿದ್ದರೆ?

ಅಜ್ಜಿ ಹುಡುಕಿಕೊಂಡು ಬಂದಳು. ಬೈಯಲಿಲ್ಲ. ಪಕ್ಕದಲ್ಲಿ ಹುಲ್ಲಿನ ಮೇಲೆ ತಾನೂ ಕೂತಳು.

"ಅಜ್ಜೀ, ಮಿದುಳು ಇನ್ನೂ ಎಡಕ್ಕೇ ಇದೆ," ಎಂದಳು ಮೀರಿಮ್. ಹೇಳುತ್ತಲೇ ಅತ್ತುಬಿಟ್ಟಳು.

ಆ ಸಂಜೆ ತಿಲೆಕ್ ಬಂದಾಗ ಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಹೊಸಿಲಲ್ಲಿ ನಿಂತ.

"ಇವತ್ತೂ ಹೋಗು ಅಂತೀಯಾ?"

"ಸುದ್ದಿ ಏನಾದ್ರೂ ಇದ್ರೆ ಬಾ. ಬೋಜ್ ಮೇಲೆ ಈಗ ಯಾರು ಕೂತ್ಕೊಳ್ತಾರೆ?"

"ನಾಜಿಕ್," ಎಂದ ಅವನು, ನೆಲ ನೋಡುತ್ತ.

ಮೀರಿಮ್ ಕಂಬಳಿಯ ಅಂಚನ್ನು ಮಡಿಸತೊಡಗಿದಳು. ನಾಜಿಕ್ ಸವಾರಿಯಲ್ಲಿ ಕಮ್ಮಿಯೇನಲ್ಲ. ಅದೇ ತೊಂದರೆ.

ಹಬ್ಬದ ದಿನ ಮನೆ ಖಾಲಿಯಾಯಿತು. ಅಮ್ಮ ಉಳಿಯುತ್ತೇನೆ ಎಂದಳು. ಅಜ್ಜಿ ಅವಳನ್ನೂ ಹೊರಡಿಸಿದಳು. "ಡೋಲು, ಮೈಕು, ಧೂಳು, ಅದೆಲ್ಲ ನನಗೂ ಆಗಲ್ಲ. ನಾವಿಬ್ರೂ ಮನೇಲೇ ಇರ್ತೀವಿ," ಎಂದು ಹೇಳಿ, ಒಲೆಯ ಪಕ್ಕ ಕೂತಲ್ಲೇ ನಿದ್ದೆ ಹೋದಳು. ದೂರದಿಂದ ಮೈಕಿನ ದನಿ ತೇಲಿ ಬರುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಮೀರಿಮ್ ಎಷ್ಟೋ ಹೊತ್ತು ಕಿವಿ ಕೊಟ್ಟಳು. ಆಮೇಲೆ ಕಂಬಳಿ ಹೊದ್ದು ಕಿವಿ ಮುಚ್ಚಿಕೊಂಡಳು.

ಬಾಗಿಲು ದಡಕ್ಕನೆ ತೆರೆಯಿತು. ತಿಲೆಕ್! ಬೆವರು ಸುರಿಯುತ್ತಿತ್ತು, ಬೂಟಿನ ತುಂಬ ಧೂಳು.

"ಮುಗೀತಾ?" ಎಂದು ಅವಳು ಎದ್ದು ಕೂತಳು.

"ಮುಗೀತು. ಅಂದ್ರೆ, ಹೂಂ, ಮುಗೀತು. ಹೇಳ್ತೀನಿ ಇರು."

ಅವನು ದಿಂಬೊಂದನ್ನು ಕಾಲುಗಳ ನಡುವೆ ಇಟ್ಟುಕೊಂಡು ಅದರ ಮೇಲೆ ಸವಾರಿ ಕೂತ. "ಬಾವುಟ ಬಿತ್ತು! ಕೆಂಪು ಕುದುರೆ ಮುಂದೆ. ಬೋಜ್ ಮೂರನೇದು. ಗುಡ್ಡದ ತಿರುವಲ್ಲಿ ಒಂದು ಕಪ್ಪು ಕುದುರೆ ಅಡ್ಡ ಬಂತು. ನಾಜಿಕ್ ಲಗಾಮು ಎಳೆದ್ಲು, ಬೋಜ್ ಪಕ್ಕಕ್ಕೆ ಸರೀತು, ಮತ್ತೆ ಓಡ್ತು…"

"ಆಮೇಲೆ?"

"ಆಮೇಲೆ… ಓಡ್ತು ಓಡ್ತು. ಆದ್ರೆ ಕೊನೇಲಿ ಕೆಂಪು ಕುದುರೆಯೇ ಗೆದ್ದಿತು. ಬೋಜ್ ಎರಡನೇದು. ನೀನಿಲ್ದೆ ಅದು ಹೇಗೆ ಗೆಲ್ಲುತ್ತೆ ಹೇಳು!"

ಮೀರಿಮ್‌ಗೆ ಬೇಸರವಾಯಿತು. ಬೇಸರದ ಅಡಿಯಲ್ಲಿ ಒಂದು ಚೂರು ಸಮಾಧಾನವೂ ಆಯಿತು. ಆ ಚೂರಿನ ಬಗ್ಗೆ ಅವಳಿಗೆ ನಾಚಿಕೆಯೂ ಆಯಿತು.

ಆಗ ಅಂಗಳದಲ್ಲಿ ಕೂಗು ಕೇಳಿಸಿತು. ಅಣ್ಣ ಎಲ್ದಿಯಾರ್ ಓಡುತ್ತಲೇ ಒಳಗೆ ಬಂದ. "ಮೀರಿಮ್! ಬೋಜ್ ಫಸ್ಟು! ಇಡೀ ಒಂದು ಕುದುರೆಯಷ್ಟು ಮುಂದೆ! ಚಿಕ್ಕಪ್ಪ ಕುಣೀತಾ ಇದಾರೆ, ಬಂದು ನೋಡು… ಅಯ್ಯೋ, ನೀನು ಬರೋ ಹಾಗಿಲ್ಲ ಅಲ್ವಾ. ಇರು, ವಿಡಿಯೊ ಮಾಡಿ ತರ್ತೀನಿ, ಮುಂದೆ ನೋಡುವಂತೆ." ಬಂದಷ್ಟೇ ವೇಗದಲ್ಲಿ ಹೊರಗೆ ಓಡಿದ.

ತಿಲೆಕ್ ದಿಂಬಿನ ಮೇಲಿಂದ ಇಳಿದ. ಅವನ ಕಿವಿಗಳು ಕೆಂಪಾಗಿದ್ದವು.

ಬೋಜ್ ಗೆದ್ದಿದೆ. ತಾನಿಲ್ಲದೆಯೇ ಗೆದ್ದಿದೆ. ಮೀರಿಮ್ ಕಂಬಳಿ ಪಕ್ಕಕ್ಕೆ ಸರಿಸಿ ಅವನನ್ನು ನೋಡಿದಳು.

"ನೀನು ರೇಸು ಪೂರ್ತಿ ನೋಡ್ಲಿಲ್ಲ, ಅಲ್ವಾ?"

"ಗುಡ್ಡದ ತಿರುವಿನವರೆಗೆ ನೋಡಿದೆ," ಎಂದ ಅವನು. "ಅಷ್ಟರಲ್ಲಿ ಅಲ್ಲಿ ನಿನ್ನ ಅಮ್ಮ ಕಂಡ್ರು, ಅಪ್ಪ ಕಂಡ್ರು, ಎಲ್ರೂ ಕಂಡ್ರು. ಹಾಗಾದ್ರೆ ನೀನೊಬ್ಳೇ ಇದೀಯ ಅನ್ನಿಸ್ತು. ಅಡ್ಡದಾರೀಲಿ ಓಡಿ ಬಂದೆ."

ವರ್ಷಕ್ಕೊಮ್ಮೆ ಬರುವ ರೇಸು. ಅದರ ಮುಕ್ಕಾಲು ಭಾಗ ಬಿಟ್ಟು ಬಂದಿದ್ದಾನೆ. ಕಲ್ಲುಗಳ ನಡುವೆ ಕಣ್ಣು ಬಿಟ್ಟಾಗ ಮೊದಲು ಕಂಡಿದ್ದೂ ಇದೇ ಮುಖ ಎಂಬುದು ಮೀರಿಮ್‌ಗೆ ಈಗ ನೆನಪಾಯಿತು. ತನಗೆ ಬೇಡವಾಗಿದ್ದ ನಿಜವನ್ನು ಎಲ್ಲರ ಮುಂದೆ ನಡುಗುತ್ತ ಹೇಳಿದವನೂ ಇವನೇ. ಈಗ ಬೆವರು ಸುರಿಸುತ್ತ ಸುಳ್ಳು ಹೆಣೆದವನೂ ಇವನೇ.

ಅವಳು ಸರಿದು ಜಾಗ ಮಾಡಿಕೊಟ್ಟಳು. ಅಜ್ಜಿ ಕರಿದಿಟ್ಟಿದ್ದ ಹಿಟ್ಟಿನ ಉಂಡೆಗಳ ತಟ್ಟೆಯನ್ನು ಅವನತ್ತ ತಳ್ಳಿದಳು.

"ತಿರುವಿನವರೆಗೆ ನೀನು ನೋಡಿದೀಯಲ್ಲ. ಅಲ್ಲಿಂದ ಇನ್ನೊಂದು ಸಲ ಹೇಳು."

"ಏನು ಹೇಳ್ಲಿ? ನಂಗೆ ಗೊತ್ತೇ ಇಲ್ವಲ್ಲ."

"ಗೊತ್ತಿಲ್ದೇ ಇದ್ರೇನು? ಈ ಸಲ ನಾಜಿಕ್ ಗೆಲ್ಲಬೇಕು. ಚೆನ್ನಾಗಿ ಗೆಲ್ಲಿಸು."

ಮೀರಿಮ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಹಣೆಯ ಒಂದು ಮೂಲೆಯಲ್ಲಿ ಇನ್ನೂ ಸಣ್ಣಗೆ ನೋಯುತ್ತಿತ್ತು. ತಿಲೆಕ್ ಗಂಟಲು ಸರಿಮಾಡಿಕೊಂಡು, ದಿಂಬನ್ನು ಮತ್ತೆ ಕಾಲುಗಳ ನಡುವೆ ಎಳೆದುಕೊಂಡ.