ಎಂಟು ಕೋರ್, ಒಂದು ಕೋರಿಕೆ

ರಿಪೇರಿ ಟೇಬಲ್ಲಿನ ಮೇಲೆ ಅವಳ ಕಂಪ್ಯೂಟರನ್ನು ಆನ್ ಮಾಡಿ, ಅಂಗಡಿಯವನು ಅದರ ನೆತ್ತಿಯ ಮೇಲೆ ಕೈಯಿಟ್ಟ. ಇಟ್ಟಷ್ಟೇ ಬೇಗ ತೆಗೆದ.

"ಇದು ಕಂಪ್ಯೂಟರ್ರಾ, ಇಸ್ತ್ರಿ ಪೆಟ್ಟಿಗೇನಾ ಮೇಡಂ?"

ಕೇಳಿ, ಕಣ್ಣೆತ್ತಿ ನೋಡಿದ. ನೋಡುತ್ತಲೇ ಉಳಿದ... ಪೆಟ್ಟಿಗೆ ಕಾದಿತ್ತು. ಇಂಥದೊಂದು ನೋಟಕ್ಕೆ ಅವಳೂ ಕಾದಿದ್ದಳೋ ಏನೋ, ಕೆನ್ನೆ ಬೆಚ್ಚಗಾಯಿತು.

ಅವಳು ವಿಡಿಯೊ ಎಡಿಟರ್. ಬೇರೆಯವರ ಮದುವೆಗೆ ಕತ್ತರಿ ಹಾಕುವುದು ಕಸುಬು, ಗೇಮಿನಲ್ಲಿ ಶತ್ರುಗಳಿಗೆ ಕತ್ತರಿ ಹಾಕುವುದು ಹವ್ಯಾಸ. ಎರಡೂ ಒಟ್ಟಿಗೇ ನಡೆಯಬೇಕು. ಜೊತೆಗೆ ಬ್ರೌಸರಿನಲ್ಲಿ ತೆರೆದಿಟ್ಟ ಪುಟಗಳ ಸಂತೆ ಬೇರೆ.

ಅವನು ಖುಷಿಯಿಂದ ಬಿಡಿಸಿ ಹೇಳಿದ. ಗೇಮಿಗೆ ಪ್ರೊಸೆಸರಿನೊಳಗೆ ದುಡಿಯೋ ಒಂದೊಂದು ಕೋರೂ ಚುರುಕಾಗಿರಬೇಕು, ಹತ್ತಾರು ಕೆಲಸ ಒಟ್ಟಿಗೆ ಮಾಡೋಕೆ ಕೋರುಗಳು ಹೆಚ್ಚಿರಬೇಕು. ಎಂಟಿದ್ದರೆ ಎರಡಕ್ಕೂ ಸಾಕು, ಅಂಥ ಹೊಸ ಪ್ರೊಸೆಸರ್ ಹಳೇ ಮದರ್‌ಬೋರ್ಡಿನ ಸಾಕೆಟ್ಟಿಗೇ ಕೂರುತ್ತೆ ಎಂದ. ಇಷ್ಟೊಂದು ಕೋರ್ ಕೋರ್ ಅನ್ನುವವನು ಇನ್ನೇನನ್ನೋ ಕೋರಬಹುದು ಅನ್ನಿಸಿತು ಅವಳಿಗೆ. ಕೋರಲಿ!

ಅಷ್ಟರಲ್ಲಿ ಬಾಯಿ ಜಾರಿತು.

"ಬೇಗ ಹಾಕ್ಕೊಡಿ. ಆಟದ ಮಧ್ಯೆ ನಾನು ಹ್ಯಾಂಗ್ ಆದ್ರೆ ನಮ್ಮವರು ಸತ್ತೇ ಹೋಗ್ತಾರೆ."

ಅವನ ಮುಖದ ಸ್ವಿಚ್ ಆಫ್ ಆಯಿತು.

"ಆಯ್ತು ಅಕ್ಕಾ. ನಾಳೆ ಬನ್ನಿ."

ಅಕ್ಕಾ? ಮನೆಗೆ ಹೋದವಳೇ ಕನ್ನಡಿ ಮುಂದೆ ನಿಂತು ನರೆಗೂದಲು ಹುಡುಕಿದಳು. ಅದೂ ಸಿಗಲಿಲ್ಲ, ನೆಮ್ಮದಿಯೂ ಸಿಗಲಿಲ್ಲ. 'ಅಂಥದ್ದೇನು ಅಂದೆ ನಾನು...' ಅವನು ಇನ್ನೊಮ್ಮೆ ಹಾಗೆ ಕಣ್ಣೆತ್ತಿ ನೋಡದಿದ್ದರೆ, ಎಂಥ ಪ್ರೊಸೆಸರ್ ಬಂದರೂ ತನ್ನ ಮನಸ್ಸು ಹ್ಯಾಂಗೇ.

ಮರುದಿನ ಕಂಪ್ಯೂಟರ್ ತಣ್ಣಗಿತ್ತು. ಅವನೂ. ಹೊಸ ಪ್ರೊಸೆಸರಿನ ಮೇಲೆ ಕೂರಿಸಿದ ದೊಡ್ಡ ಕೂಲರ್ ತೋರಿಸಿ, ಬಾಗಿಲ ಕಡೆ ನೋಡುತ್ತ, ಯಜಮಾನರು ಬರಲಿಲ್ಲವೇ ಎಂದು ವಿಚಾರಿಸಿದ.

"ಯಾವ ಯಜಮಾನ್ರು?"

"ಅದೇ... ನೀವು ಹ್ಯಾಂಗ್ ಆದ್ರೆ ಸಾಯ್ತಾರಲ್ಲ, ನಿಮ್ಮವರು."

ಅವಳು ಕೌಂಟರ್ ಹಿಡಿದುಕೊಂಡು ನಕ್ಕಳು.

"ನಮ್ಮವರು ಅಂದ್ರೆ ಗೇಮಲ್ಲಿ ನಮ್ಮ ಟೀಮು ಕಣ್ರೀ. ಒಬ್ಬರು ನಮ್ಮತ್ತಿಗೆ, ಇನ್ನೊಬ್ಬರು ಅವರಮ್ಮ."

ಅವನ ಕಿವಿ ಕೆಂಪಾಯಿತು. ಒರೆಸಿದ ಸ್ಕ್ರೂಡ್ರೈವರನ್ನೇ ಮತ್ತೆ ಮತ್ತೆ ಒರೆಸಿದ.

"ಈ ಪ್ರೊಸೆಸರಲ್ಲಿ ಒಂದೇ ಒಂದು ದೋಷ ಇದೆ."

"ಏನು?"

"ವರ್ಷಗಟ್ಟಲೆ ಕೈಕೊಡಲ್ಲ. ನೀವು ಅಂಗಡಿಗೆ ಬರೋ ಅಗತ್ಯಾನೇ ಇರಲ್ಲ... ನಂಗೆ ನೀವು ಬರ್ಬೇಕು."

"ಅಂಗಡಿಗೆ ಬರಲ್ಲ ಬಿಡಿ," ಎಂದಳು. ಅವನ ಮುಖ ಇಳಿಯುವ ಮೊದಲೇ ದನಿ ಇಳಿಸಿದಳು. "ಷಟರ್ ಇಳಿಸೋ ಹೊತ್ತಿಗೆ ಹೊರಗೆ ನಿಂತಿರ್ತೀನಿ."

ಅವನು ಬೀಗದ ಕೈ ತೆಗೆದುಕೊಂಡು ಅವಳ ಹಿಂದೆಯೇ ಹೊರಗೆ ಬಂದವನೇ ಷಟರ್ ಎಳೆದುಬಿಟ್ಟ.

"ಇನ್ನೂ ಮಟಮಟ ಮಧ್ಯಾಹ್ನ ಕಣ್ರೀ..."

"ಗೊತ್ತು. ಬನ್ನಿ."