ಮೂರನೆಯ ಕರೆ

“ಮೈತ್ರೀ...”

ಯಾರೋ ಕರೆದರು!

ಮೈತ್ರಿಯ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಅಮೆರಿಕದ ಓವರ್‌ಲೇಕಿನ ಆ ಆಫೀಸಿನ ಮೂರನೆಯ ಮಹಡಿಯಲ್ಲಿ ಅವಳನ್ನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. 2010ರ ಜನವರಿ. ಅರ್ಧ ಜನ ರಜೆ ಮುಗಿಸಿ ಇನ್ನೂ ಬಂದಿರಲಿಲ್ಲ, ಉಳಿದವರು ಹಂದಿ ಜ್ವರಕ್ಕೆ ಹೆದರಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಗಂಟೆ ಐದೂ ಆಗಿರಲಿಲ್ಲ, ಆಗಲೇ ಹೊರಗೆ ಕಗ್ಗತ್ತಲು. ಕಿಟಕಿಗೆ ಮಂಜು ಮೆತ್ತಿಕೊಂಡು ಪಾರ್ಕಿಂಗಿನ ದೀಪಗಳೂ ಕಾಣುತ್ತಿರಲಿಲ್ಲ.

ಆ ಕಟ್ಟಡದ ದೀಪಗಳಿಗೆ ಒಂದು ಗುಣವಿತ್ತು. ಯಾರಾದರೂ ಓಡಾಡಿದರೆ ಮಾತ್ರ ಹೊತ್ತಿಕೊಳ್ಳುತ್ತಿದ್ದವು, ಅಲುಗಾಡದೆ ಕುಳಿತರೆ ಆರಿಹೋಗುತ್ತಿದ್ದವು. ಈಗ ಕಾರಿಡಾರಿನ ಆ ತುದಿಯಲ್ಲಿ ಒಂದು ದೀಪ ಹೊತ್ತಿತು. ಆಮೇಲೆ ಇನ್ನೊಂದು... ಗೋಡೆಗೆ ಹೊಸದಾಗಿ ಹಾಕಿದ್ದ ಸ್ಯಾನಿಟೈಸರ್ ಡಬ್ಬಿ ‘ಝುಂಯ್’ ಎಂದು ನೊರೆ ಉಗುಳಿತು. ಅದರ ಕೆಳಗೆ ಯಾವ ಕೈಯೂ ಇರಲಿಲ್ಲ.

“ಮೈತ್ರೀ...”

ಎರಡನೆಯ ಸಲ. ಗಂಡಸಿನ ದನಿ. ಅಪ್ಪಟ ಕನ್ನಡದ ದನಿ!

ಅವಳು ಓಗೊಡಲಿಲ್ಲ. ಓಗೊಡುವ ಹಾಗೂ ಇರಲಿಲ್ಲ. ಮೈಸೂರಿನಲ್ಲಿ ಅವಳನ್ನು ಎತ್ತಿ ಆಡಿಸಿದ ಅಜ್ಜಿ ಬೆಟ್ಟಮ್ಮ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು.

“ದೀಪ ಹಚ್ಚೋ ಹೊತ್ತಾದ್ಮೇಲೆ ಯಾರು ಕೂಗಿದ್ರೂ ಮೂರನೇ ಸಲಕ್ಕೇ ಓಗೊಡ್ಬೇಕು ಮಗಾ. ಅದು ಎರಡೇ ಸಲ ಕೂಗೋದು. ಮನುಷ್ಯರಾದ್ರೆ ಮೂರನೇ ಸಲಾನೂ ಕೂಗ್ತಾರೆ.”

‘ಅದು’ ಎಂದರೆ ಏನು ಎಂದು ಅಜ್ಜಿ ಹೇಳಿರಲಿಲ್ಲ, ಮೊಮ್ಮಗಳೂ ಕೇಳಿರಲಿಲ್ಲ. ಸಾಫ್ಟ್‌ವೇರಿನ ತಪ್ಪು ಹುಡುಕುವುದನ್ನೇ ಕೆಲಸ ಮಾಡಿಕೊಂಡ ಹುಡುಗಿ ಇಂಥದ್ದನ್ನು ನಂಬುವುದೇ ಎಂದು ನೀವು ನಗಬಹುದು. ಆ ಕಾರಿಡಾರಿನಲ್ಲಿ ಒಬ್ಬರೇ ಕುಳಿತು ನೋಡಿ, ಆಮೇಲೆ ನಗಿ!

ಅಷ್ಟರಲ್ಲಿ ಅವಳ ತಲೆಯ ಮೇಲಿನ ದೀಪವೇ ಆರಿತು.

“ರೀ ಮೈತ್ರಿ! ಕಿವಿ ಕೇಳಲ್ವಾ ನಿಮಗೆ?”

“ಓ...!”

ಅವಳು ಎದ್ದು ನಿಂತ ರಭಸಕ್ಕೆ ದೀಪ ಹೊತ್ತಿಕೊಂಡಿತು. ಎದುರಿಗೆ ಮಾಸ್ಕ್ ಹಾಕಿಕೊಂಡ ಎತ್ತರದ ಯುವಕ. ಕಣ್ಣು ಮಾತ್ರ ಕಾಣುತ್ತಿತ್ತು. ನಿದ್ದೆಗೆಟ್ಟ ಕಣ್ಣು... ಆದರೂ ನಗುತ್ತಿತ್ತು.

“ಕೆಫೆಟೇರಿಯಾದಲ್ಲಿ ನಿಮ್ಮ ಬ್ಯಾಡ್ಜ್ ಬಿದ್ದಿತ್ತು. ಮೈತ್ರಿ ನಂಜುಂಡಯ್ಯ ಅಂತ ನೋಡಿದ ತಕ್ಷಣ ನಮ್ಮ ಕಡೆಯೋರೇ ಅನ್ನಿಸ್ತು. ನಾನು ಸುಮುಖ್, ಕೆಳಗಡೆ ಫ್ಲೋರು. ಅದ್ಸರಿ, ಯಾಕೆ ಮಾತೇ ಆಡ್ಲಿಲ್ಲ?”

“ನೀವು ಎರಡೇ ಸಲ ಕರೆದಿದ್ರಿ...” ಮೈತ್ರಿ ನಾಚಿಕೆಯಿಂದಲೇ ಅಜ್ಜಿಯ ಮಾತನ್ನು ಒಪ್ಪಿಸಿದಳು.

ಅವನು ನಗುತ್ತಾನೆ ಎಂದುಕೊಂಡಿದ್ದಳು. ಅವನ ಕಣ್ಣಲ್ಲಿದ್ದ ನಗುವೂ ಹೋಯಿತು.

“ಎರಡೇ ಸಲ ಕೂಗುತ್ತಾ... ಅದು?” ಎಂದ, ತನಗೆ ತಾನೇ.

* * *

ಅಂದಿನಿಂದ ಸುಮುಖ್ ಅವಳನ್ನು ಮೂರು ಸಲ ಕರೆಯದೆ ಮಾತು ಶುರು ಮಾಡುತ್ತಿರಲಿಲ್ಲ. ಮಧ್ಯಾಹ್ನದ ಊಟಕ್ಕೆ ಒಂದೇ ಮೇಜು. ‘ನೀವು’ ಹೋಗಿ ‘ನೀನು’ ಬಂತು. ಅವನು ಮಾಸ್ಕ್ ತೆಗೆದು ನಕ್ಕರೆ ಮೈತ್ರಿಗೆ ತುತ್ತು ಇಳಿಯುತ್ತಿರಲಿಲ್ಲ. ‘ಅಯ್ಯೋ ದೇವರೇ, ಇಷ್ಟು ಬೇಗನಾ?’ ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಅವನ ಮಾತಿನಲ್ಲಿ ಅಶ್ವತ್ಥ ಎಂಬ ಹೆಸರು ಪದೇ ಪದೇ ಬರುತ್ತಿತ್ತು. ಅವನ ರೂಮ್‌ಮೇಟ್. “ಈ ಕಾಫಿನ ಅಶ್ವತ್ಥ ಮೂಸೂ ನೋಡಲ್ಲ.” “ಅಶ್ವತ್ಥ ಬ್ಯಾಟ್ ಹಿಡಿದ್ರೆ ಬಾಲ್ ಕೆರೆಗೇ ಬೀಳೋದು.” ಹೀಗೇ.

ಇನ್ನೊಂದು ಮಾತೂ ಪದೇ ಪದೇ ಬರುತ್ತಿತ್ತು.

“ವ್ಯಾಕ್ಸೀನ್ ತಗೊಂಡ್ಯಾ?”

ಹಂದಿ ಜ್ವರದ ಹೊಸ ಲಸಿಕೆ ಮೊದಲು ಮಕ್ಕಳಿಗೆ, ಬಸುರಿಯರಿಗೆ, ಕಾಯಿಲೆಯವರಿಗೆ ಹೋಗಿ, ಈಗ ಆರೋಗ್ಯವಾಗಿರುವ ದೊಡ್ಡವರಿಗೂ ಸಿಗುತ್ತಿತ್ತು. ಆಫೀಸಿನ ಕೆಳಮಹಡಿಯಲ್ಲೇ ಕೊಡುತ್ತಿದ್ದರು.

“ಇಲ್ಲ. ಸಾಫ್ಟ್‌ವೇರ್ ಆಗ್ಲಿ ಮದ್ದಾಗ್ಲಿ, ನಾನು ಫಸ್ಟ್ ವರ್ಶನ್‌ನ ಯಾವತ್ತೂ ನಂಬಲ್ಲ ಕಣೋ. ಕಾಯಿಲೆ ಬಂದಿದ್ದು ಏಪ್ರಿಲ್‌ನಲ್ಲಿ, ಮದ್ದು ಬಂದಿದ್ದು ಅಕ್ಟೋಬರ್‌ನಲ್ಲಿ. ಯಾರು ಟೆಸ್ಟ್ ಮಾಡಿದ್ರು? ಹೇಗೆ ಮಾಡಿದ್ರು?”

“ಕಾಯಿಲೆನೂ ಫಸ್ಟ್ ವರ್ಶನ್ನೇ ಅಲ್ವಾ ಮೈತ್ರಿ?”

“ಇರ್ಲಿ ಬಿಡು! ನನಗೆ ಇಪ್ಪತ್ತಾರು. ನೆಗಡಿ ಬಂದೇ ವರ್ಷ ಆಯ್ತು. ನನಗೇನಾಗುತ್ತೆ?”

ಸುಮುಖನ ಮುಖ ಬಿಳಿಚಿಕೊಂಡಿತು. “ಆ ಮಾತು ಮಾತ್ರ ಹೇಳ್ಬೇಡ!” ಎಂದು ಕೂಗಿಬಿಟ್ಟ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

“ನನ್ನ ಮೈ, ನನ್ನ ಇಷ್ಟ. ಹೇಳೋಕೆ ನೀನ್ಯಾರು?”

ಅವನು ತಟ್ಟೆ ಎತ್ತಿಕೊಂಡು ಹೊರಟೇಹೋದ. ‘ನೀನ್ಯಾರು ಅಂದುಬಿಟ್ಟೆನಲ್ಲ...’ ಮೈತ್ರಿ ಆ ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಳು. ಯಾರು ಅಂತ ಅವಳಿಗೆ ಗೊತ್ತಿತ್ತು!

* * *

ಶನಿವಾರ ಅವಳೇ ಸೋತಳು. ಸಂಕ್ರಾಂತಿಗೆ ಅಮ್ಮ ಮೈಸೂರಿನಿಂದ ಕಳಿಸಿದ್ದ ಎಳ್ಳುಬೆಲ್ಲವನ್ನು ಎರಡು ಪೊಟ್ಟಣ ಕಟ್ಟಿಕೊಂಡು ಅವನ ಅಪಾರ್ಟ್‌ಮೆಂಟಿಗೆ ಹೋದಳು.

ಬಾಗಿಲು ತೆರೆದ ಸುಮುಖನ ಮುಖ ಅರಳಿತು. ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ.

“ಇದು ನಿನಗೆ. ಇದು ಅಶ್ವತ್ಥ ಅವರಿಗೆ.”

ಅವನು ಎರಡನೆಯ ಪೊಟ್ಟಣವನ್ನು ಸುಮ್ಮನೆ ನೋಡಿದ. “ಕೊಡ್ತೀನಿ” ಎಂದ. “ಕೂತಿರು, ಹಾಲು ಮುಗಿದಿದೆ. ಹೋಗಿ ಬೇಗ ತಂದ್ಬಿಡ್ತೀನಿ.”

ಅವಳೊಬ್ಬಳೇ ಉಳಿದಳು. ನಾಲ್ಕು ಗಂಟೆಗೇ ಕಿಟಕಿ ಕಪ್ಪಾಗುತ್ತಿತ್ತು. ಎದುರಿಗೆ ಮುಚ್ಚಿದ ಬಾಗಿಲಿನ ಒಂದು ಕೋಣೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿರಲಿಲ್ಲ.

“ಸುಮುಖ್...”

ಒಳಗಿನಿಂದ! ಗಡಸು ದನಿ, ಸ್ವಲ್ಪ ತಮಾಷೆಯದು.

“ಏ ಸುಮುಖ್...”

ಮೈತ್ರಿ ಅಭ್ಯಾಸದಂತೆ ಮೂರನೆಯದಕ್ಕೆ ಕಾದಳು. ಮೂರನೆಯದು ಬರಲಿಲ್ಲ. ಫ್ರಿಜ್ಜಿನ ಗುಂಯ್‌ಗುಡುವಿಕೆ ಬಿಟ್ಟರೆ ಮನೆಯೆಲ್ಲ ಮೌನ.

“ಅಶ್ವತ್ಥ ಅವರೇ... ಸುಮುಖ್ ಹಾಲು ತರೋಕೆ ಹೋಗಿದಾನೆ” ಎಂದಳು ಬಾಗಿಲಿನತ್ತ. ಉತ್ತರವಿಲ್ಲ.

ಸುಮುಖ್ ಬಂದಾಗ ಹೇಳಿದಳು. “ಅಶ್ವತ್ಥ ಕರೀತಿದ್ರು ನಿನ್ನ.”

ಹಾಲಿನ ಕ್ಯಾನು ಹಿಡಿದ ಅವನ ಕೈ ಅಲ್ಲೇ ನಿಂತಿತು. “ಹೌದು. ಶನಿವಾರ ಕರೀತಾನೆ” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದ.

ಸೋಮವಾರ ಕಾಫಿ ಮೆಷಿನ್ ಹತ್ತಿರ ಅವಳ ಟೀಮಿನ ಹಿರಿಯರು ಚಂದ್ರಮೌಳಿ ಸಿಕ್ಕರು. ಮಾತಿಗೆ ಮಾತು ಬಂದು ಮೈತ್ರಿ ಎಂದಳು. “ಸುಮುಖ್ ಮನೆಗೆ ಹೋಗಿದ್ದೆ ಸರ್. ಆ ಅಶ್ವತ್ಥ ಅನ್ನೋರು ರೂಮಿಂದ ಆಚೆನೇ ಬರ್ಲಿಲ್ಲ. ಒಳಗಡೆಯಿಂದಲೇ ಕೂಗ್ತಿದ್ರು.”

ಚಂದ್ರಮೌಳಿ ಕಾಫಿ ಕೆಳಗಿಟ್ಟರು.

“ಯಾವ ಅಶ್ವತ್ಥ? ಅವನು ದೀಪಾವಳಿ ಆಗಿ ಸ್ವಲ್ಪ ದಿನಕ್ಕೇ ಹೋಗ್ಬಿಟ್ಟನಲ್ಲಮ್ಮಾ! ಹಂದಿ ಜ್ವರ. ಗುಂಡುಕಲ್ಲಿನ ಹಾಗಿದ್ದ ಹುಡುಗ...”

 ಹಾಗಾದರೆ... ಆ ದನಿ?

* * *

ಅವಳು ಸುಮುಖನ ಫೋನ್ ಎತ್ತಲಿಲ್ಲ. ಊಟದ ಮೇಜಿಗೆ ಹೋಗಲಿಲ್ಲ. ಒಂದು ಸಂಜೆ ಅವನು ಅವಳ ಮಹಡಿಗೇ ಬಂದ. ದೀಪಗಳು ಒಂದೊಂದೇ ಹೊತ್ತಿಕೊಂಡವು.

“ಮೈತ್ರೀ...”

ಪಕ್ಕದ ಕ್ಯೂಬಿಕಲ್ಲಿನಲ್ಲಿ ಅವಳು ಉಸಿರು ಬಿಗಿಹಿಡಿದು ಬಗ್ಗಿ ಕುಳಿತಳು.

“ಮೈತ್ರೀ...”

‘ಮೂರನೇ ಸಲ ಕರಿ... ಕರೆದ್ರೆ ಎದ್ದು ಬಂದ್ಬಿಡ್ತೀನಿ...’ ಮನಸ್ಸು ಬೇಡಿಕೊಳ್ಳುತ್ತಿತ್ತು.

ಅವನು ಕರೆಯಲಿಲ್ಲ. ಹೆಜ್ಜೆಗಳು ಹಿಂದಿರುಗಿದವು. ದೀಪಗಳು ಒಂದೊಂದೇ ಆರಿದವು. ಆ ಕತ್ತಲಲ್ಲಿ ಮೈತ್ರಿಗೆ ಅಳು ಒತ್ತರಿಸಿ ಬಂತು.

ಆದರೆ ಅವಳು ಟೆಸ್ಟರ್. ಒಮ್ಮೆ ಕಂಡ ದೋಷ ಎರಡನೆಯ ಸಲವೂ ಹಾಗೇ ಕಾಣುತ್ತದೋ ಇಲ್ಲವೋ ಎಂದು ನೋಡದೆ ತೀರ್ಮಾನ ಕೊಡುವವಳಲ್ಲ. ಮುಂದಿನ ಶನಿವಾರ ಮತ್ತೆ ಅವನ ಬಾಗಿಲು ತಟ್ಟಿದಳು.

ಸುಮುಖ್ ಬಾಗಿಲು ತೆರೆದ. ನಡುಮನೆಯಲ್ಲಿ, ಆ ಮುಚ್ಚಿದ ಕೋಣೆಯ ಬಾಗಿಲಿನ ಎದುರು ನೆಲದ ಮೇಲೆ ಹೋಗಿ ಕುಳಿತ. ಅವಳೂ ಕುಳಿತಳು. ಕಿಟಕಿ ಕಪ್ಪಾಯಿತು.

“ಸುಮುಖ್... ಏ ಸುಮುಖ್...”

ಅವಳು ಅವನ ತೋಳು ಹಿಡಿದುಕೊಂಡಳು. ಅವನು ಕಣ್ಣು ಮುಚ್ಚಿಕೊಂಡೇ, “ತೆಗಿ ಮೈತ್ರಿ. ಒಳಗೆ ಹೋಗಿ ನೋಡು” ಎಂದ.

ಅವಳು ಎದ್ದು ಬಾಗಿಲು ತಳ್ಳಿದಳು. ತಣ್ಣನೆಯ ಕೋಣೆ. ಮಡಿಸಿಟ್ಟ ಹೊದಿಕೆ. ಮೂಲೆಯಲ್ಲಿ ಬ್ಯಾಟು. ದಿಂಬಿನ ಮೇಲೆ ಅವಳು ಕೊಟ್ಟಿದ್ದ ಎಳ್ಳುಬೆಲ್ಲದ ಪೊಟ್ಟಣ, ಕಟ್ಟಿದ್ದು ಕಟ್ಟಿದ ಹಾಗೇ! ಮೇಜಿನ ಮೇಲೆ ಚಾರ್ಜರಿಗೆ ಸಿಕ್ಕಿಸಿದ ಹಳೆಯ ಫೋನೊಂದು ಮಿನುಗುತ್ತಿತ್ತು.

“ಶನಿವಾರ ನಾಲ್ಕಕ್ಕೆ ಕ್ರಿಕೆಟ್ ಇರ್ತಿತ್ತು” ಬಾಗಿಲಲ್ಲಿ ನಿಂತು ಸುಮುಖ್ ಹೇಳಿದ. “ನಾನು ಊಟ ಮಾಡಿ ಮಲಗಿಬಿಡ್ತಿದ್ದೆ. ಎಬ್ಬಿಸಿ ಎಬ್ಬಿಸಿ ಸಾಕಾಗಿ, ತನ್ನ ದನಿನೇ ರೆಕಾರ್ಡ್ ಮಾಡಿ ಅಲಾರಂ ಇಟ್ಟ. ನನಗೆ ಅದನ್ನ ನಿಲ್ಲಿಸೋಕೆ ಆಗ್ತಿಲ್ಲ ಮೈತ್ರಿ... ನಿಲ್ಲಿಸಿದ್ರೆ ಅವನು ಇಲ್ಲ ಅಂತ ಆಗ್ಬಿಡುತ್ತೆ.”

ಅವಳು ಹತ್ತಿರ ಹೋದಳು. ಅವನ ಕೈ ಹಿಡಿದಳು.

“ಅಕ್ಟೋಬರ್‌ನಲ್ಲಿ ಇಬ್ಬರೂ ವ್ಯಾಕ್ಸೀನ್‌ಗೆ ಹೋಗಿದ್ವಿ. ಮಕ್ಕಳಿಗೇ ಸಾಲ್ತಿಲ್ಲ, ನೀವು ಆರೋಗ್ಯವಾಗಿದೀರ, ನಿಮ್ಮ ಸರದಿ ಆಮೇಲೆ ಅಂದ್ರು. ನ್ಯಾಯನೇ. ಇವನು ನಕ್ಕೊಂಡು ಹೊರಟ. ‘ನಮಗೇನಾಗುತ್ತೆ ಬಾರೋ’ ಅಂದ... ಸರದಿ ಬರೋ ಹೊತ್ತಿಗೆ ಅವನೇ ಇರ್ಲಿಲ್ಲ.”

ನನಗೇನಾಗುತ್ತೆ! ತಾನು ಆಡಿದ್ದೂ ಅದೇ ಮಾತು. 

“ನನಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಹೆದರಿ ತಗೋತಿದ್ದೆ. ನನ್ನ ಗೆಳೆಯನ್ನ ತೋರಿಸಿ ನಿನ್ನ ಹೆದರಿಸೋಕೆ ನನಗೆ ಇಷ್ಟ ಇರ್ಲಿಲ್ಲ.”

“ಈಗಲೂ ಹೆದರಿ ತಗೊಳ್ಳಲ್ಲ” ಅವಳು ಕಣ್ಣೊರೆಸಿಕೊಂಡಳು. “ಸೋಮವಾರ ಹೋಗಿ ನನ್ನ ಪ್ರಶ್ನೆ ಎಲ್ಲಾ ಕೇಳ್ತೀನಿ. ಉತ್ತರ ಸರಿ ಅನ್ನಿಸಿದ್ರೆ ತಗೋತೀನಿ. ನಿನಗೆ ಕೊಟ್ಟಾಗ ಏನಾದ್ರೂ ಆಯ್ತಾ?”

ಅವನು ತಲೆ ತಗ್ಗಿಸಿದ.

“ಸುಮುಖ್! ನೀನು ತಗೊಂಡಿಲ್ವಾ?!”

“ಹೋಗ್ತೀನಿ... ಸಾಲಲ್ಲಿ ನಿಲ್ತೀನಿ. ಅವನೂ ಪಕ್ಕದಲ್ಲಿ ನಿಂತಿದಾನೆ ಅನ್ಸುತ್ತೆ. ನನ್ನ ಹೆಸರು ಕರೆದ ತಕ್ಷಣ ಕಾಲೇ ಬರಲ್ಲ. ಅವನಿಗೆ ಸಿಗದೇ ಇದ್ದಿದ್ದು ನನಗ್ಯಾಕೆ? ವಾಪಸ್ ಬಂದ್ಬಿಡ್ತೀನಿ.”

ಅವಳಿಗೆ ಕೋಪವೂ ಬಂತು, ಅಳುವೂ ಬಂತು. ಎರಡಕ್ಕಿಂತ ಹೆಚ್ಚಾಗಿ ಪ್ರೀತಿ ಬಂತು.

ಆ ಸಂಜೆ ಸುಮುಖ್ ತಾನೇ ಫೋನಿನ ಬ್ಯಾಟರಿ ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟ. ಅವಳು ಸಹಾಯ ಮಾಡಲಿಲ್ಲ, ಪಕ್ಕದಲ್ಲಿ ನಿಂತಳು.

* * *

ಸೋಮವಾರ ಕೆಲಸ ಮುಗಿಸಿ ಇಬ್ಬರೂ ಕೆಳಮಹಡಿಗೆ ಹೋದರು. ಮುಚ್ಚುವ ಹೊತ್ತು. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಗಾಜಿನಾಚೆ ಬರೀ ಮಂಜು.

ಮೈತ್ರಿ ನರ್ಸಿಗೆ ಪ್ರಶ್ನೆಗಳ ಸುರಿಮಳೆ ಸುರಿಸಿದಳು. ಮೃದು ಮಾತಿನ ಆಕೆ ತಾಳ್ಮೆಯಿಂದ ಹೇಳಿದಳು. ಪ್ರತಿವರ್ಷದ ಫ್ಲೂ ಲಸಿಕೆ ತಯಾರಿಸುವ ರೀತಿಯಲ್ಲೇ ತಯಾರಿಸಿದ್ದು, ವೈರಸ್ ಮಾತ್ರ ಹೊಸದು. ತೋಳು ನೋಯುತ್ತದೆ. ಕೆಲವರಿಗೆ ಜ್ವರ ಬರುತ್ತದೆ. ತೀರಾ ಅಪರೂಪಕ್ಕೆ ಅದಕ್ಕಿಂತ ಹೆಚ್ಚಿನದೂ ಆಗಬಹುದು, ಆಗುವುದೇ ಇಲ್ಲ ಎಂದು ಹೇಳಲಾರೆ.

ಆ ಕೊನೆಯ ಮಾತು ಮೈತ್ರಿಗೆ ಹಿಡಿಸಿತು. ತನ್ನ ಪ್ರೋಗ್ರಾಮಿನಲ್ಲಿ ತಪ್ಪೇ ಇಲ್ಲ ಎನ್ನುವವರನ್ನು ಅವಳು ಎಂದೂ ನಂಬಿದವಳಲ್ಲ. ಅಂಗಿಯ ತೋಳು ಮಡಿಸಿದಳು. ಚುರುಕ್ ಎಂದಿತು, ಮುಗಿಯಿತು.

ನರ್ಸ್ ಒಳಗಿನಿಂದಲೇ ಕರೆದಳು. “ಸುಮುಖ್?”

ಕಾರಿಡಾರಿನಲ್ಲಿ ಅವನು ಕಲ್ಲಾಗಿ ನಿಂತಿದ್ದ.  ಮೈತ್ರಿ ಒಳಗಿನಿಂದ ಅವನ ಬಳಿಗೆ ಓಡಿಬಂದಳು.

ಆಗ ಆ ತುದಿಯಲ್ಲಿ ಒಂದು ದೀಪ ತಾನಾಗಿಯೇ ಹೊತ್ತಿತು. ‘ಝುಂಯ್’ ಎಂದು ಸ್ಯಾನಿಟೈಸರಿನ ಸದ್ದು.

“ಸುಮುಖ್...”

ಎರಡನೆಯ ಕರೆ. ಅವನು ಒಂದು ಹೆಜ್ಜೆ ಹಿಂದಕ್ಕಿಟ್ಟ. ಹೊರಬಾಗಿಲಿನತ್ತ ತಿರುಗಿದ. ಇನ್ನೊಂದು ಕ್ಷಣ ಬಿಟ್ಟರೆ ಹೋಗಿಯೇಬಿಡುತ್ತಾನೆ!

“ಸುಮುಖ್!” ಮೈತ್ರಿ ಎದೆ ತುಂಬಿ ಕರೆದಳು. “ಮೂರನೇ ಸಲ ಕರೀತಿದೀನಿ. ಬಾ.”

ಅವನು ತಿರುಗಿ ಅವಳನ್ನು ನೋಡಿದ. ಕಣ್ಣು ತುಂಬಿ ಬಂತು.

“ಓ...” ಎಂದು ಒಳಗೆ ನಡೆದ.

ಚುಚ್ಚಿಸಿಕೊಂಡ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಬೇಕಿತ್ತು. ಇಬ್ಬರೂ ಅಕ್ಕಪಕ್ಕ ಕುಳಿತರು. ಮೈತ್ರಿ ನರ್ಸಿಗೆ, “ಕ್ಷಮಿಸಿ, ನೀವು ಇವನನ್ನು ಎರಡೆರಡು ಸಲ ಕರೆಯಬೇಕಾಯಿತು” ಎಂದಳು.

ಡಬ್ಬಿ ಜೋಡಿಸುತ್ತಿದ್ದ ನರ್ಸ್ ತಲೆ ಎತ್ತಿದಳು. “ಎರಡು ಸಲವೇ? ನಾನು ಕರೆದದ್ದು ಒಂದೇ ಸಲ.”

ಮೈತ್ರಿ ಸುಮುಖನತ್ತ ತಿರುಗಿದಳು. ಬ್ಯಾಟರಿ ತೆಗೆದ ಫೋನು ಮನೆಯ ಡ್ರಾಯರಿನಲ್ಲಿತ್ತು. ಹೊರಗೆ ಕಾರಿಡಾರಿನ ಆ ದೀಪ ಇನ್ನೂ ಉರಿಯುತ್ತಿತ್ತು. ಇಬ್ಬರೂ ನೋಡುತ್ತಿದ್ದಂತೆ ಮೆಲ್ಲಗೆ ಆರಿತು.

“ನಿನಗೂ ಕೇಳಿಸ್ತಾ?” ಸುಮುಖ್ ಪಿಸುಗುಟ್ಟಿದ.

“ಹ್ಞೂಂ.”

“ಭಯ ಆಗ್ತಿದ್ಯಾ?”

“ತುಂಬಾ...” ಅವಳು ಅವನ ಬೆರಳುಗಳ ನಡುವೆ ತನ್ನ ಬೆರಳು ಸೇರಿಸಿದಳು. “ಆದ್ರೆ ಮೂರನೇದನ್ನ ಅಶ್ವತ್ಥ ಅವರು ನನಗೆ ಬಿಟ್ಟುಕೊಟ್ರು ಅಲ್ವಾ?”

ಅವನು ಅತ್ತೇಬಿಟ್ಟ. ಅಶ್ವತ್ಥ ಹೋದ ಮೇಲೆ ಮೊದಲ ಸಲ.

“ಇನ್ಮೇಲೆ ನಿನ್ನ ಮೂರನೇ ಸಲ ಕರೆಯೋಳು ನಾನೇ ಕಣೋ. ಬದುಕಿರೋ ತನಕ. ನಾನ್ಯಾರು ಅಂತ ಕೇಳ್ಬೇಡ... ಕರೀಲಾ?”

“ಕರಿ.”

“ಸುಮುಖ್... ಸುಮುಖ್... ಸುಮುಖ್...”

ಅವನು ಅವಳ ಭುಜಕ್ಕೆ ತಲೆಯಾನಿಸಿದ.

“ಓ...”